ಲಸಿಕೆ ನಡೆದು ಬಂದ ದಾರಿ

ಬೈಲಹೊಂಗಲದ ಚನ್ನಮ್ಮನ ಸಮಾಧಿ, ಕಿತ್ತೂರಿನ ಕೋಟೆ, ಸವದತ್ತಿಯ ಎಲ್ಲಮ್ಮನ ಗುಡ್ಡ, ರಾಮದುರ್ಗದ ಸಂಸ್ಥಾನ ಇವುಗಳ ಚರಿತ್ರೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಪರದೇಶದಲ್ಲಿ ಹುಟ್ಟಿದ ಒಂದು ಔಷಧ ಈ ಸೀಮೆಯ ಹಸುಗೂಸಿನ ತೋಳನ್ನು ಮುಟ್ಟಿದ ಚರಿತ್ರೆಯೂ ಒಂದುಂಟು. ಅದರಲ್ಲಿ ಕತ್ತಿಯಿಲ್ಲ, ಕಹಳೆಯಿಲ್ಲ. ಆದರೆ ಅದು ಉಳಿಸಿದ ಪ್ರಾಣಗಳನ್ನು ಎಣಿಸಿದವರಾರು? ಸಿಡುಬಿನ ಲಸಿಕೆಯ ಆ ಕಥೆಯನ್ನೇ ನಾನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಜೆನ್ನರ್ 1796ರಲ್ಲಿ ತನ್ನ ಪ್ರಯೋಗವನ್ನು ಮಾಡಿದ. ಆದರೆ ಲಸಿಕೆಯ ದ್ರವ ಇಂಗ್ಲೆಂಡಿನಿಂದ ಹಡಗೇರಿ ಇಲ್ಲಿಗೆ ಬರುವಷ್ಟರಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಅದು ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳನ್ನು ದಾಟಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಫಲಿಸಿತು. ಅಲ್ಲಿಂದ ಮುಂದೆ ಮಗುವಿನಿಂದ ಮಗುವಿಗೆ, ತೋಳಿನಿಂದ ತೋಳಿಗೆ ದಾಟಿಸುತ್ತ ಅದನ್ನು ಊರೂರಿಗೆ ಒಯ್ದರು. ಆಗ ಕಿತ್ತೂರಿನಲ್ಲಿ ಮಲ್ಲಸರ್ಜ ದೇಸಾಯಿಯ ಆಳಿಕೆ. ಔಷಧವನ್ನು ಕಾಪಿಡಬಲ್ಲ ಪಾತ್ರೆ ಎಳೆಯ ಕೂಸುಗಳ ಮೈಯೊಂದೇ ಆಗಿದ್ದ ಕಾಲವದು.

ಇಪ್ಪತ್ತನೆಯ ಶತಮಾನದಲ್ಲಿ ಬೆಳಗಾವಿಯ ಲಸಿಕಾ ಸಂಸ್ಥೆಯಲ್ಲಿ ಕರುಗಳ ಚರ್ಮದಿಂದ ಲಸಿಕೆ ತಯಾರಾಗತೊಡಗಿತು. ಮುಂಬಯಿ ಪ್ರಾಂತಕ್ಕೆ ಅದು ಅಲ್ಲಿಂದಲೇ ಹೋಗುತ್ತಿತ್ತು. ತಯಾರಿಸುವ ಮನೆ ಹತ್ತಿರವಾಯಿತು. ತೊಡಕು ಮಾತ್ರ ತೀರಲಿಲ್ಲ. ದ್ರವರೂಪದ ಲಸಿಕೆ ಬೇಸಗೆಯ ಸೆಕೆಯಲ್ಲಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ನಮ್ಮ ನಾಲ್ಕೂ ಊರುಗಳಿಗೆ ರೈಲಿರಲಿಲ್ಲ. ಚೈತ್ರ ವೈಶಾಖದ ಬಿಸಿಲಿನಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಹೋಗುವ ಲಸಿಕೆ ಜೀವಂತವಾಗಿ ತಲುಪುವುದೇ ಕಷ್ಟ. ಸತ್ತ ಲಸಿಕೆಯನ್ನು ಹಾಕಿಸಿಕೊಂಡವನಿಗೆ ಗಾಯದ ನೋವು ಉಂಟು, ರಕ್ಷಣೆಯಿಲ್ಲ. ಹಾಗಾದಲ್ಲೆಲ್ಲ ಜನ ಲಸಿಕೆಯನ್ನು ನಂಬದೆ ಅಮ್ಮನಿಗೇ ಹರಕೆ ಹೊತ್ತರೆ ಅವರನ್ನು ಹಳಿಯುವುದು ನ್ಯಾಯವೆನಿಸದು.

ಈ ತೊಡಕನ್ನು ಬಿಡಿಸಿದ್ದು ಒಬ್ಬರ ಕೈಯಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕೊಲಿಯರ್ 1950ರ ದಶಕದ ಆರಂಭದಲ್ಲಿ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನವನ್ನು ಪಳಗಿಸಿದರು. ಆ ಪುಡಿ 37 ಡಿಗ್ರಿ ಸೆಕೆಯಲ್ಲಿಯೂ ತಿಂಗಳುಗಟ್ಟಲೆ ಕೆಡದೆ ಉಳಿಯಿತು. 1958ರಲ್ಲಿ ಸೋವಿಯತ್ ಒಕ್ಕೂಟದ ವಿಕ್ಟರ್ ಝ್ದಾನೊವ್ ವಿಶ್ವ ಆರೋಗ್ಯ ಸಭೆಯಲ್ಲಿ ಸಿಡುಬಿನ ನಿರ್ಮೂಲನದ ಸಲಹೆಯನ್ನು ಮಂಡಿಸಿದರು. ಸೋವಿಯತ್ ದೇಶ ಮುಂದಿನ ಎರಡು ದಶಕಗಳಲ್ಲಿ 140 ಕೋಟಿಗೂ ಮಿಕ್ಕಿ ಮಾತ್ರೆಗಳಷ್ಟು ಲಸಿಕೆಯನ್ನು ಜಗತ್ತಿಗೆ ದಾನವಾಗಿ ಕೊಟ್ಟಿತು; ಅದರ ದೊಡ್ಡ ಪಾಲು ಭಾರತಕ್ಕೆ ಬಂತು. ಅಮೆರಿಕದ ಬೆಂಜಮಿನ್ ರೂಬಿನ್ ರೂಪಿಸಿದ ಕವಲುಸೂಜಿಯಿಂದ, ಇಪ್ಪತ್ತೈದು ಮಂದಿಗೆ ಸಾಲುತ್ತಿದ್ದ ಲಸಿಕೆ ನೂರು ಮಂದಿಗೆ ಸಾಕಾಯಿತು. ಶೀತಲ ಸಮರದ ಎರಡು ಪಾಳಯಗಳು ಒಂದು ಮಗುವಿನ ತೋಳಿನ ಮೇಲೆ ಕೈಗೂಡಿಸಿದ್ದವು.

ಆದರೂ ದಾನವೆಂಬುದು ಎಷ್ಟು ದಿನ ಬಂದೀತು? ನನಗೆ ಮುಖ್ಯವಾಗಿ ಕಾಣುವುದು ಇದರ ಮುಂದಿನ ಹೆಜ್ಜೆ. ಯುನಿಸೆಫ್ ಲಸಿಕೆಯ ಜೊತೆಗೆ, ಲಸಿಕೆ ಒಣಗಿಸುವ ಯಂತ್ರಗಳನ್ನೂ ಭಾರತಕ್ಕೆ ಒದಗಿಸಿತು. ಗಿಂಡಿ, ಪಟವಾಡಾಂಗರ್, ಹೈದರಾಬಾದ್, ಬೆಳಗಾವಿ ಈ ನಾಲ್ಕು ಕಡೆ ಒಣಲಸಿಕೆ ತಯಾರಾಗತೊಡಗಿತು. ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ಗುಣಮಟ್ಟಕ್ಕೆ ಒಂದೇ ಅಳತೆಯನ್ನು ಗೊತ್ತುಪಡಿಸಿತು. ನೆದರ್ಲೆಂಡ್ಸ್ ಮತ್ತು ಕೆನಡಾದ ಪ್ರಯೋಗಾಲಯಗಳಲ್ಲಿ ಮಾದರಿಗಳನ್ನು ಪರೀಕ್ಷಿಸುವ ಏರ್ಪಾಡಾಯಿತು. ಅಲ್ಲಿಯತನಕ ಬೇಡುವ ಕೈಯಾಗಿದ್ದುದು ಮಾಡುವ ಕೈಯಾಯಿತು.

ಇಷ್ಟಾದರೂ ಕೊನೆಯ ಹರದಾರಿ ಉಳಿದೇ ಇತ್ತು. ಅದನ್ನು ನಡೆದವರು ಹಳ್ಳಿಗರು 'ಮೈಲಿ ಹಾಕುವವರು' ಎಂದು ಕರೆದ ಸಾಮಾನ್ಯ ನೌಕರರು. ಅವರ ಹೆಸರುಗಳು ಶಿಲಾಶಾಸನದಲ್ಲಿಲ್ಲ. ಅವರ ಶಾಸನ ನನ್ನ ತಲೆಮಾರಿನವರ ತೋಳಿನ ಮೇಲಿನ ದುಂಡು ಕಲೆಯಲ್ಲಿದೆ. 1975ರ ಮೇ ತಿಂಗಳಿನಲ್ಲಿ ಭಾರತ ಕಡೆಯ ಸಿಡುಬನ್ನು ಕಂಡಿತು. 1980ರ ಮೇ 8ರಂದು ಜಗತ್ತೇ ಅದರಿಂದ ಬಿಡುಗಡೆಯಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು.

ಬೆಳಗಾವಿಯ ಜನ ಆ ಜಾಗವನ್ನು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಂದಾಗ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಅದು ಹಂಚಿಕೆಯಾದದ್ದೂ ಬೆಳಗಾವಿಯಿಂದಲೇ. ಬಡ ದೇಶಗಳಿಗೆ ನೆರವು ನೀಡುವವರು ಮೊದಲು ಎಷ್ಟು ಕೊಟ್ಟೆವೆಂದು ಲೆಕ್ಕ ಹಾಕುತ್ತಾರೆ. ಕೊಟ್ಟದ್ದು ಕೆಡದೆ ತಲುಪಿತೇ, ಪರೀಕ್ಷಿಸಿದವರಾರು, ನಾಳೆ ಅದನ್ನು ಅಲ್ಲಿಯವರೇ ಮಾಡಿಕೊಳ್ಳಬಲ್ಲರೇ ಎಂಬ ಮೂರು ಪ್ರಶ್ನೆಗಳನ್ನೂ ಅದರ ಜೊತೆಗೆ ಕೇಳಬೇಕೆಂದು ಈ ಚರಿತ್ರೆ ನನಗೆ ಹೇಳುತ್ತದೆ. ರಾಮದುರ್ಗದ ಹಳ್ಳಿಯೊಂದರ ತಾಯಿಗೆ ಔಷಧ ಬಂದ ದೇಶದ ಹೆಸರು ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಮಗು ಉಳಿಯುವುದೊಂದೇ.