ಹವಾಯಿಯ ಹುಲಾ ವಿದ್ಯೆಯೂ ಮೇರಿ ಕವೇನಾ ಪುಕೂಯಿಯವರೂ

ಹವಾಯಿ ದ್ವೀಪಗಳ ಭಾಷೆಯಲ್ಲಿ 'ಕುಮು' ಎಂಬ ಶಬ್ದಕ್ಕೆ ಮರದ ಬುಡ, ಮೂಲ, ಗುರು ಎಂಬ ಅರ್ಥಗಳುಂಟು. ಹುಲಾ ನೃತ್ಯವನ್ನು ಕಲಿಸುವವರು 'ಕುಮು ಹುಲಾ' ಎನಿಸಿಕೊಳ್ಳುವರು. ಈ ನೃತ್ಯವನ್ನು ಬರಿಯ ವಿನೋದವೆಂದೆಣಿಸುವುದು ಪ್ರವಾಸಿಗಳ ತಪ್ಪು. 'ಮೆಲೆ' ಎಂಬ ಪದ್ಯವಿಲ್ಲದೆ ಹುಲಾ ಇಲ್ಲ. ಲಿಪಿಯಿಲ್ಲದಿದ್ದ ಕಾಲದಲ್ಲಿ ಅರಸರ ವಂಶಾವಳಿಯೂ ದೇವತಾಸ್ತುತಿಯೂ ಇಂತಹ ಪದ್ಯಗಳಲ್ಲಿಯೇ ಉಳಿದು ಬಂದುವು. ನೃತ್ಯಶಾಲೆಯಲ್ಲಿ ಲಾಕಾ ದೇವಿಗೆ ಹಸುರೆಲೆಗಳ ಪೀಠವನ್ನು ರಚಿಸಿ ಶಿಷ್ಯರು ನಿಯಮನಿಷ್ಠೆಯಿಂದ ಕಲಿಯುತ್ತಿದ್ದರು.

1820ರಲ್ಲಿ ಅಮೆರಿಕದ ಪಾದ್ರಿಗಳು ಬಂದಿಳಿದರು. 1830ರಲ್ಲಿ, ಅವರ ಮತವನ್ನವಲಂಬಿಸಿದ್ದ ಕಾಅಹುಮಾನು ರಾಣಿಯು ಬಹಿರಂಗವಾದ ಹುಲಾವನ್ನು ನಿಷೇಧಿಸಿದಳು. 1883ರಲ್ಲಿ ಕಲಾಕೌಅ ರಾಜನ ಪಟ್ಟಾಭಿಷೇಕೋತ್ಸವದಲ್ಲಿ ಅದು ಮತ್ತೆ ರಾಜಾಂಗಣವನ್ನು ಸೇರಿತಾದರೂ, 1893ರಲ್ಲಿ ರಾಜ್ಯವೇ ಉರುಳಿತು. 1896ರ ಶಾಸನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಭಾಷೆಯನ್ನಾಗಿ ಮಾಡಿತು.

ಈ ಸಂಧಿಕಾಲದಲ್ಲಿ, 1895ರಲ್ಲಿ, ಹವಾಯಿ ದ್ವೀಪದ ಕಾಊ ಸೀಮೆಯಲ್ಲಿ ಪುಕೂಯಿ ಹುಟ್ಟಿದರು. ತಂದೆ ಮ್ಯಾಸಚುಸೆಟ್ಸಿನವರು, ತಾಯಿ ಹವಾಯಿಯವರು. ಮಗುವನ್ನು ಹಿರಿಯರಿಗೆ ಒಪ್ಪಿಸುವ 'ಹಾನಾಯಿ' ಪದ್ಧತಿಯಂತೆ ತಾಯಿಯ ತಾಯಿಯ ಮಡಿಲಲ್ಲಿ ಬೆಳೆದರು. ಆ ಮುದುಕಿ ಎಮ್ಮಾ ರಾಣಿಯ ಆಸ್ಥಾನದಲ್ಲಿ ನರ್ತಿಸಿದ್ದವಳು. ಮೂಲಿಕೆಗಳನ್ನೂ ಸೂಲಗಿತ್ತಿಯ ಕೆಲಸವನ್ನೂ ಬಲ್ಲವಳು. ನೃತ್ಯವೂ ವೈದ್ಯವೂ ಒಂದೇ ಮನೆಯಲ್ಲಿ ನೆಲಸಿದ್ದುವೆಂಬ ಈ ಸಂಗತಿ ಪುಕೂಯಿಯವರ ಮುಂದಿನ ಬರಹಗಳಿಗೆಲ್ಲ ಬೀಗದ ಕೈಯಂತಿದೆ. ಮುಂದೆ ಅವರು ಕೇಆಹಿ ಲುಆಹಿನೇ ಮೊದಲಾದ ಹಿರಿಯರಲ್ಲಿ ಹುಲಾವನ್ನಭ್ಯಸಿಸಿ, ತಾವೂ ಕಲಿಸಿದರು.

ಅವರು ವಿವರಿಸಿದ ಚಿಕಿತ್ಸಾಕ್ರಮಗಳಲ್ಲಿ 'ಹೋಒಪೊನೊಪೊನೊ' ವಿಶೇಷವಾದುದು. ಮೂಲಿಕೆಯನ್ನು ಕೊಟ್ಟರೂ ರೋಗವು ಬಿಡದಿರಲು ಕುಟುಂಬದ ಒಳಜಗಳವೇ ಕಾರಣವಾಗಿರಬಹುದೆಂಬುದು ಅದರ ಬುಡದ ನಂಬಿಕೆ. ಹಿರಿಯರೊಬ್ಬರು ಮನೆಯವರೆಲ್ಲರನ್ನೂ ಕೂಡಿಸಿ, ಪ್ರಾರ್ಥನೆಯಾದ ಮೇಲೆ ತಪ್ಪನ್ನು ಹೊರಗೆಡಹಿಸುವರು. ತಪ್ಪಿಗೆ 'ಹಲ', ಅದರಿಂದುಂಟಾದ ತೊಡಕಿಗೆ 'ಹಿಹಿಅ', ಪಶ್ಚಾತ್ತಾಪಕ್ಕೆ 'ಮಿಹಿ' ಎಂದು ಹೆಸರು. ಮಾತು ಬಿಸಿಯಾದರೆ ಮೌನವನ್ನು ವಿಧಿಸುವರು. ಕೊನೆಯದು 'ಕಲ', ಎಂದರೆ ಗಂಟು ಬಿಚ್ಚುವುದು. ತಪ್ಪಿತಸ್ಥನೂ ನೊಂದವನೂ ಒಂದೇ ಹಗ್ಗದಿಂದ ಬಿಗಿಯಲ್ಪಟ್ಟಿರುವರಾದುದರಿಂದ ಬಿಡುಗಡೆಯು ಇಬ್ಬರಿಗೂ ಒಟ್ಟಿಗೆ ಆಗತಕ್ಕುದು. ಒಬ್ಬನೇ ಕುಳಿತು ಕೆಲವು ಮಾತುಗಳನ್ನು ಜಪಿಸುವ, ಈಚೆಗೆ ಇದೇ ಹೆಸರಿನಿಂದ ಹಬ್ಬಿರುವ ರೂಢಿಯು ಇದರಿಂದ ಬಹು ದೂರ. ಮನೆಯವರೇ ಇಲ್ಲದಲ್ಲಿ ಬಿಚ್ಚತಕ್ಕ ಗಂಟಾದರೂ ಯಾವುದು?

ಮನೆತನದ ವಿದ್ಯೆಯನ್ನು ಹೊರಗಿನವರಿಗೆ ತಿಳಿಸಬಾರದೆಂಬ ಭಾವನೆಯು ಅಲ್ಲಿನ ಹಿರಿಯರಲ್ಲಿ ಬಲವಾಗಿದ್ದಿತು. ಅಪಾತ್ರರ ಕೈಸೇರಿದ ವಿದ್ಯೆ ಕೆಡುವುದೆಂಬ ಶಂಕೆಯು ನಿರಾಧಾರವಲ್ಲವೆಂಬುದಕ್ಕೆ ಮೇಲಣ ಉದಾಹರಣೆಯೇ ಸಾಕು. ಆದರೂ ಪುಕೂಯಿ ಬರೆದಿಡುವ ದಾರಿಯನ್ನೇ ಹಿಡಿದರು. ಕಲಿಯತಕ್ಕ ಮಕ್ಕಳೇ ಭಾಷೆಯನ್ನು ಮರೆಯುತ್ತಿದ್ದಾಗ ಗುಟ್ಟನ್ನು ಕಾಯುವುದೆಂದರೆ ವಿದ್ಯೆಯನ್ನು ಹೂಳುವುದೇ ಆಗುತ್ತಿತ್ತು. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ದುಡಿದು, ಸ್ಯಾಮ್ಯುಯೆಲ್ ಎಲ್ಬರ್ಟರೊಡನೆ 1957ರಲ್ಲಿ ನಿಘಂಟನ್ನು ಪ್ರಕಟಿಸಿದರು. 1972ರಲ್ಲಿ, ಹೇರ್ಟಿಗ್ ಮತ್ತು ಕ್ಯಾಥರಿನ್ ಲೀ ಅವರೊಡನೆ, 'ನಾನಾ ಇ ಕೆ ಕುಮು' ಎಂಬ ಗ್ರಂಥವನ್ನು ಹೊರತಂದರು. 'ಮೂಲವನ್ನು ನೋಡು' ಎಂಬುದು ಆ ಹೆಸರಿನ ಅರ್ಥ. ಹವಾಯಿ ಭಾಷೆಯು 1978ರಲ್ಲಿ ರಾಜ್ಯಭಾಷೆಗಳಲ್ಲೊಂದಾದುದನ್ನು ಕಂಡು, 1986ರಲ್ಲಿ ಅವರು ತೀರಿಕೊಂಡರು.