ವರ್ಗನಾಮಗಳೂ ಸ್ಥಳೀಯ ಇತಿಹಾಸವೂ: ಬಾದಾಮಿ–ಹುನಗುಂದ ಪ್ರದೇಶದ ನಿದರ್ಶನ

ವಿಷಯಗಳ ವರ್ಗೀಕರಣವು ಗ್ರಂಥಪಾಲಕರ ಕೆಲಸವೆಂದೇ ನಾವು ಬಹುಕಾಲ ಭಾವಿಸಿಕೊಂಡು ಬಂದಿದ್ದೇವೆ. ಈಗ ಅದು ಎಲ್ಲರ ಕೈಗೂ ಬಂದಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನವನ್ನು ಬರೆದವರು ಅದನ್ನು ತಮಗೆ ಉಚಿತವೆಂದು ತೋರಿದ ‘ವರ್ಗ’ಕ್ಕೆ ಸೇರಿಸಬಹುದು, ಹೊಸ ವರ್ಗವನ್ನೂ ನಿರ್ಮಿಸಬಹುದು. ಅದಕ್ಕಿಡುವ ಹೆಸರು ಇತಿಹಾಸಜ್ಞರು ಯೋಚಿಸಬೇಕಾದ ಸಂಗತಿಯೇ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯೇ ನಿದರ್ಶನ.

ಬಾದಾಮಿಯ ಅರಸರ ವಂಶನಾಮವು ಅವರ ಶಾಸನಗಳಲ್ಲಿಯೇ ಚಲ್ಕ್ಯ, ಚಲಿಕ್ಯ, ಚಲುಕ್ಯ ಎಂದು ಬಗೆಬಗೆಯಾಗಿ ಬಂದಿದೆ. ಇಂದು ‘ಚಾಲುಕ್ಯ’ ರೂಪವೇ ರೂಢಿಯಾಗಿರುವುದರಿಂದ ಶೀರ್ಷಿಕೆಗೆ ಅದೇ ಸಾಕು. ತೊಡಕಿರುವುದು ‘ಪಶ್ಚಿಮ’ ಎಂಬ ವಿಶೇಷಣದಲ್ಲಿ. ಫ್ಲೀಟ್ ಮೊದಲಾದ ಹಿಂದಿನ ವಿದ್ವಾಂಸರು ಬಾದಾಮಿಯವರನ್ನೂ ಪಶ್ಚಿಮ ಚಾಲುಕ್ಯರೆಂದು ಕರೆದರು. ಇಂದು ಆ ಹೆಸರು ಬಹುಮಟ್ಟಿಗೆ ಕಲ್ಯಾಣದವರಿಗೆ ಸಲ್ಲುತ್ತದೆ. ಇವರಿಬ್ಬರ ನಡುವೆ ರಾಷ್ಟ್ರಕೂಟರ ಎರಡು ಶತಮಾನಗಳ ಆಳ್ವಿಕೆಯಿದೆ. ಹೀಗಿರಲು ಒಂದೇ ವರ್ಗದಲ್ಲಿ ಎರಡನೆಯ ಪುಲಕೇಶಿಯೂ ಆರನೆಯ ವಿಕ್ರಮಾದಿತ್ಯನೂ ಕೂಡಿಬಿದ್ದರೆ ವಿದ್ಯಾರ್ಥಿಯ ತಪ್ಪೇನು? ದಿಕ್ಕಿಗಿಂತ ರಾಜಧಾನಿಯ ಹೆಸರು ಲೇಸೆಂಬುದು ನಮ್ಮ ಮತ.

ಪ್ರದೇಶನಾಮಗಳ ಸಮಸ್ಯೆ ಇನ್ನೂ ಜಟಿಲವಾದುದು. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿಯ ಶಾಸನವಿದೆ. ಇದರ ಕಾಲ ಶಕ 556, ಎಂದರೆ ಕ್ರಿ. ಶ. 634. ಕಲ್ಲು ಅಲ್ಲಿಯೇ ಇದೆ. ಅದರ ವಿಳಾಸ ಮಾತ್ರ ಬದಲಾಗುತ್ತ ಬಂದಿದೆ. ಹಳೆಯ ಪ್ರಕಟಣೆಗಳಲ್ಲಿ ಅದು ವಿಜಾಪುರ ಜಿಲ್ಲೆಯದು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ವಿಜಾಪುರವು ವಿಜಯಪುರವಾಯಿತು. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕವೆಂಬ ಹೆಸರು ಬಂದಿತು. ಬಾಗಲಕೋಟೆಯ ಹೆಸರಿನಲ್ಲಿ ಮಾತ್ರ ಹುಡುಕುವವನಿಗೆ ಹಳೆಯ ಸಂಪುಟಗಳ ಶಾಸನಗಳು ದೊರೆಯುವುದಿಲ್ಲ. ಜೊತೆಗೆ ಬಾಗಲಕೋಟ, ಬಾಗಲಕೋಟೆ ಎಂಬ ಎರಡು ಬರೆವಣಿಗೆಗಳನ್ನು ಯಂತ್ರವು ಎರಡು ವರ್ಗಗಳೆಂದೇ ಎಣಿಸುತ್ತದೆ.

ವಿಕಿಯಲ್ಲಿ ವರ್ಗದ ಹೆಸರನ್ನು ಪ್ರತಿಯೊಂದು ಪುಟದಲ್ಲಿಯೂ ಬರೆದಿರುತ್ತಾರೆ. ಆದುದರಿಂದ ಹೆಸರು ಬದಲಾದಾಗ ಆ ಪುಟಗಳನ್ನೆಲ್ಲ ತಿದ್ದಬೇಕಾಗುತ್ತದೆ. ಶಾಸನಗಳನ್ನು ‘ಐಹೊಳೆಯ ಶಾಸನಗಳು’, ‘ಬಾದಾಮಿಯ ಶಾಸನಗಳು’ ಎಂದು ಊರಿನ ಹೆಸರಿನ ವರ್ಗಗಳಲ್ಲಿಟ್ಟು, ಆ ವರ್ಗಗಳನ್ನು ಜಿಲ್ಲೆಯ ವರ್ಗಕ್ಕೆ ಸೇರಿಸುವುದು ಯುಕ್ತ. ಆಗ ಜಿಲ್ಲೆ ಒಡೆದರೆ ಊರಿನ ವರ್ಗದ ಪುಟವೊಂದನ್ನು ತಿದ್ದಿದರೆ ಸಾಕು. 2018ರಲ್ಲಿ ಇಳಕಲ್ಲು ಹುನಗುಂದದಿಂದ ಬೇರ್ಪಟ್ಟು ತಾಲ್ಲೂಕಾದಾಗ ಇಂಥದೇ ತಿದ್ದುಪಡಿ ಅಗತ್ಯವಾಯಿತು. ಇಳಕಲ್ ಸೀರೆಗೆ ಮಾತ್ರ ಈ ಕ್ರಮ ಒಗ್ಗುವುದಿಲ್ಲ: ಅಲ್ಲಿ ಊರಿನ ಹೆಸರು ನೇಯ್ಗೆಯ ಹೆಸರಾಗಿಬಿಟ್ಟಿದೆ, ಸುತ್ತಲಿನ ಊರುಗಳ ಮಗ್ಗಗಳಲ್ಲಿ ನೇಯ್ದುದೂ ಇಳಕಲ್ ಸೀರೆಯೇ.