ಆಟದ ಮಣೆ ಬರೆದವರು ಯಾರು?



ಸ್ವಲ್ಪ ಉದ್ದದ ಪೋಸ್ಟ್, ಬಿಡುವು ಮಾಡ್ಕೊಂಡು ಓದಿ. ವಿಷಯ ಕಂಪ್ಯೂಟರ್ ಗೇಮ್. "ನಮ್ಮ ಚಳವಳಿಗೂ ಗೇಮಿಗೂ ಏನಯ್ಯ ಸಂಬಂಧ?" ಅಂತ ಕೇಳೋರು ಕೊನೆವರೆಗೂ ಓದಿ, ಆಮೇಲೆ ಬೈಯಿರಿ.

ನನ್ನ ತಂಗಿ ಮಗಳು ಸೆಕೆಂಡ್ ಪಿಯುಸಿ ಓದ್ತಿದಾಳೆ. ಮುಂದೆ ಗೇಮ್ ಡಿಸೈನ್ ಕಲೀಬೇಕು ಅನ್ನೋದು ಅವಳ ಆಸೆ. ಬರೀ ಆಡೋದಲ್ಲ, ತಾನೇ ಮಾಡೋದು. 2025ರ ಸೆಪ್ಟೆಂಬರಿನಲ್ಲಿ ಮೈಸೂರಿನ ಒಂದು ಅಂಗಡಿಗೆ ಹೋಗಿ ಕಂಪ್ಯೂಟರಿಗೆ ಕೊಟೇಷನ್ ಬರೆಸಿಕೊಂಡು ಬಂದಿದ್ವಿ. 64,000 ರೂಪಾಯಿ. ನಾನು ಗುಮಾಸ್ತ, ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರೋದು? ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿ, ಅದು ಮಂಜೂರಾಗಿ ಕೈಗೆ ಬರೋ ಹೊತ್ತಿಗೆ ಜನವರಿ. ಅದೇ ಚೀಟಿ ಹಿಡ್ಕೊಂಡು ಹೋದ್ರೆ 82,000 ಅಂದ್ರು. ಸೆಪ್ಟೆಂಬರಿನಲ್ಲಿ 5,000 ಇದ್ದ ರ್‍ಯಾಮ್ ಒಂದಕ್ಕೇ 15,000 ಆಗಿತ್ತು. "ಮುಂದಿನ ವಾರ ಬಂದ್ರೆ ಈ ರೇಟೂ ಇರಲ್ಲ ಸರ್" ಅಂದ ಅಂಗಡಿ ಹುಡುಗ.

ಬರಿಗೈಲಿ ಚಾಮರಾಜನಗರದ ರೈಲು ಹತ್ತಿದ್ವಿ. ಕಡಕೊಳ ದಾಟೋವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡ್ಕೊಂಡೇ ಹೇಳಿದಳು: "ಬುಡು ಮಾವ, ನಾನು ಬಿಕಾಂಗೇ ಸೇರ್ಕತೀನಿ. ಮನೇಲಿರೋ ಲ್ಯಾಪ್‌ಟಾಪಲ್ಲಿ ಏನ್ ಹಾಕುದ್ರೂ ನಿಂತೋಯ್ತದೆ. ನಂಗೇ ಬರಲ್ಲ ಅನ್ಸುತ್ತೆ."

ತಾಂಡವಪುರ ಸ್ಟೇಷನ್ ಬಂತು, ಇಳಿದ್ವಿ. ಆದ್ರೆ ಆ ಮಾತು ನನ್ನಿಂದ ಇಳೀಲಿಲ್ಲ. ದುಡ್ಡಿಲ್ಲ ಅಂದಿದ್ರೆ ಸಹಿಸ್ಕೊಳ್ತಿದ್ದೆ. ಮಿಷೀನ್ ನಿಂತದ್ದಕ್ಕೆ "ನಂಗೇ ಬರಲ್ಲ" ಅಂದಳಲ್ಲ, ಅದು ಹೊಸ ಮಾತಲ್ಲ. ನಮ್ಮ ಅಪ್ಪನೂ ಅಂದಿದ್ರು, ನಾನೂ ಅಂದಿದ್ದೆ. ಅದನ್ನ ನಮ್ಮ ಬಾಯಿಗೆ ಹಾಕಿದೋರು ಯಾರು ಅಂತ ಹುಡುಕಬೇಕಾದ್ರೆ ಆಟಗಳ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು.

ನಮ್ಮ ಕೇರೀಲಿ ಆಟ ಅಂದ್ರೆ ಚೌಕಾಬಾರ. ಇದ್ದಲಲ್ಲಿ ನೆಲದ ಮೇಲೆ ಐದಕ್ಕೆ ಐದು, 25 ಮನೆ. ಕವಡೆ ಇಲ್ಲದೋರು ಹುಣಸೆಬೀಜ ತೇಯ್ದು ಒಂದು ಕಡೆ ಬೆಳ್ಳಗೆ ಮಾಡ್ಕೊಳ್ಳೋರು. ಖರ್ಚು ಸೊನ್ನೆ. ನಮ್ಮ ಸೀಮೆಯ ಹಳೆಯ ದೇವಸ್ಥಾನಗಳ ಜಗಲಿ ಕಲ್ಲುಗಳನ್ನ ನೋಡಿ, ಅಲ್ಲೂ ಇಂಥ ಮಣೆಗಳನ್ನ ಕೊರೆದಿರೋದು ಸಿಗುತ್ತೆ. ನೆರಳಲ್ಲಿ, ತಣ್ಣನೆ ಕಲ್ಲಿನ ಮೇಲೆ ಕೂತು ಆಡೋರಿಗೆ ಅದು. ನಮ್ಮ ತಾತ ಆ ಜಗಲಿ ಹತ್ತೋ ಹಾಗಿರಲಿಲ್ಲ. ಆಟ ಒಂದೇ. ಒಂದು ಮಣೆ ನೂರಾರು ವರ್ಷ ಅಳಿಸಲ್ಲ, ಇನ್ನೊಂದು ಸಂಜೆ ಕಸ ಗುಡಿಸಿದ್ರೆ ಹೋಯ್ತು. ಅದಕ್ಕೇ ಚರಿತ್ರೆ ಬರೆಯೋರಿಗೆ ಕಲ್ಲಿನ ಮಣೆ ಕಾಣುತ್ತೆ, ನಮ್ಮ ಇದ್ದಲಿನ ಮಣೆ ಕಾಣಲ್ಲ.

ನಮ್ಮ ಮೈಸೂರಿಗೆ ಗೇಮ್ ಡಿಸೈನಿನ ದೊಡ್ಡ ಇತಿಹಾಸವೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಸ್ವತಃ ಆಟಗಳನ್ನ ಕಟ್ಟಿದ ಅರಸರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡ ಮೇಲೆ ಅವರಿಗೆ ಸಿಂಹಾಸನದ ಜೊತೆ ಬಿಡುವೂ ಉಳಿಯಿತು. 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿ ಅನ್ನೋ ಭಾಗವೇ ಆಟಗಳದ್ದು. ಚದುರಂಗದ ಕುದುರೆ ಮಣೆಯ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರೋ ಒಗಟುಗಳು, ರಾಶಿ ಗ್ರಹಗಳನ್ನ ಮನೆ ಮಾಡಿದ ಪಟಗಳು, ದೇವೀ ಸಾಯುಜ್ಯದಂಥ ಆಟಗಳು. ಜಗನ್ಮೋಹನ ಅರಮನೆಯ ಗೋಡೆ ಮೇಲೂ ಅವನ್ನ ಬರೆಸಿದಾರೆ. ಆ ಬುದ್ಧಿಗೆ ನನ್ನ ನಮಸ್ಕಾರ ಇದೆ. ಆದ್ರೆ ಅವತ್ತು ಆ ಗೋಡೆ ಮುಂದೆ ನಿಂತು ನೋಡೋ ಅವಕಾಶ ನಮ್ಮೋರಲ್ಲಿ ಎಷ್ಟು ಜನಕ್ಕಿತ್ತು?

ಮೈಸೂರಿನ ಗಂಜೀಫಾ ಎಲೆಗಳನ್ನೂ ನೋಡಿ. ಗಂಜೀಫಾ ಪರ್ಷಿಯಾ ಕಡೆಯಿಂದ ಮೊಗಲರ ಜೊತೆ ಬಂದ ಆಟ. ಅದರಲ್ಲಿ ಎರಡು ದರ್ಜೆ. ಆನೆದಂತ, ಆಮೆಚಿಪ್ಪಿನ ಮೇಲೆ ಬರೆದದ್ದು ದರ್ಬಾರಿ ಕಲಂ, ಅದು ಅರಮನೆಗೆ. ತಾಳೆಗರಿ, ಅಂಟು ಹಾಕಿ ಗಟ್ಟಿ ಮಾಡಿದ ಬಟ್ಟೆ ಮೇಲೆ ಬರೆದದ್ದು ಬಜಾರಿ ಕಲಂ, ಅದು ಪೇಟೆ ಜನಕ್ಕೆ. ಇವತ್ತು ಲಕ್ಷಾಂತರ ರೂಪಾಯಿಯ ಗೇಮಿಂಗ್ ಪಿಸಿ ಒಂದು ಕಡೆ, ಕಂತಿನ ಮೇಲೆ ತಗೊಂಡ ಮೊಬೈಲ್ ಇನ್ನೊಂದು ಕಡೆ ಇರೋದು ಹೊಸದೇನಲ್ಲ. ಮೊಗಲರ 96 ಎಲೆಯ ಕಟ್ಟಿನಲ್ಲಿ ಕಿರೀಟ, ಕತ್ತಿ, ನಾಣ್ಯ ಎಲ್ಲ ಸೇರಿ ಎಂಟು ಬಣ್ಣ. ಅದರಲ್ಲಿ ಒಂದು ಬಣ್ಣದ ಹೆಸರೇ ಗುಲಾಮ.

ಎಲ್ಲಕ್ಕಿಂತ ನನ್ನ ಕಾಡೋದು ಪರಮಪದ ಸೋಪಾನ ಪಟ, ನಮ್ಮ ಹಾವು ಏಣಿಯ ಅಜ್ಜಿ. ಪುಣ್ಯ ಮಾಡಿದ್ರೆ ಏಣಿ, ಪಾಪ ಮಾಡಿದ್ರೆ ಹಾವು, ಮೇಲಕ್ಕೆ ಹೋದ್ರೆ ವೈಕುಂಠ. ಡಿಸೈನ್ ಹೇಗಿದೆ ನೋಡಿ. ಆ ಆಟದಲ್ಲಿ ಆಡೋನ ಕೈಲಿ ಏನೂ ಇಲ್ಲ, ದಾಳ ಬಿದ್ದ ಹಾಗೆ ಕಾಯಿ ಹೋಗುತ್ತೆ. ಆದ್ರೆ ಹಾವಿನ ಬಾಯಿಗೆ ಬಿದ್ದಾಗ ಮಾತ್ರ "ಪಾಪ ನಿಂದು" ಅಂತ ಮನೆ ಮೇಲೆ ಬರೆದಿರುತ್ತೆ. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನೋರು ಈ ಆಟ ತಗೊಂಡು ಹೋಗಿ, ದೇವರುಗಳನ್ನ ತೆಗೆದು, ಮಕ್ಕಳಿಗೆ ನೀತಿ ಹೇಳೋ ಆಟ ಮಾಡಿ ಮಾರಿದ್ರು. ಬಿದ್ದೋನ ತಪ್ಪು ಬಿದ್ದೋನದೇ ಅನ್ನೋ ಪಾಠ ಮಾತ್ರ ಹಂಗೇ ಉಳೀತು.

ಇದನ್ನ ತಿರುಗಿಸಿ ಹಾಕಿದೋರು ಬಾಬಾಸಾಹೇಬರು. 1920ರ ಜನವರಿ 31ರಂದು ಹೊರಬಂದ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಅವರು ಹಿಂದೂ ಸಮಾಜವನ್ನ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ರು. ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗೋಕೆ ಮೆಟ್ಟಿಲೇ ಇಲ್ಲ, ಹುಟ್ಟಿದ ಮಹಡಿಯಲ್ಲೇ ಸಾಯಬೇಕು. ಕೆಳಗಿರೋನು ಎಷ್ಟೇ ಯೋಗ್ಯ ಆಗಿದ್ರೂ ಮೇಲಕ್ಕೆ ಹೋಗೋ ದಾರಿ ಇಲ್ಲ. ಅಂದ್ರೆ ಅವರು ಆಡೋನನ್ನ ನೋಡಲಿಲ್ಲ, ಕಟ್ಟಡದ ನಕ್ಷೆಯನ್ನ ನೋಡಿದ್ರು.

ನಿಯಮ ಬದಲಾದ್ರೆ ಏನಾಗುತ್ತೆ ಅನ್ನೋದು ಇಸ್ಪೀಟು ಆಡೋರಿಗೆ ಗೊತ್ತು. ಜಾಕ್ ಎಲೆಗೆ ನಾವು ಗುಲಾಮ ಅಂತೀವಿ. ಎಷ್ಟೋ ಆಟದಲ್ಲಿ ಅವನು ರಾಜ ರಾಣಿಯ ಕೆಳಗೆ. ಅದೇ ಇಪ್ಪತ್ತೆಂಟು ಆಟಕ್ಕೆ ಕೂರಿ, ಗುಲಾಮನೇ ಎಲ್ಲರಿಗಿಂತ ಮೇಲೆ. ಅವನಿಗೆ 3 ಪಾಯಿಂಟು, ರಾಜನಿಗೆ ಸೊನ್ನೆ. ಎಲೆ ಅದೇ, ಚಿತ್ರ ಅದೇ. ಮುಮ್ಮಡಿಯವರ ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ಕೆಲಸದ ನಿಯಮವನ್ನೇ ಬದಲಾಯಿಸೋಕೆ ಹೊರಟಾಗ ಪ್ರತಿಭೆ ಹಾಳಾಗುತ್ತೆ ಅನ್ನೋ ಕೂಗು ಎದ್ದಿತ್ತು. ನಾನು ಇವತ್ತು ಗುಮಾಸ್ತನ ಕುರ್ಚಿಯಲ್ಲಿ ಕೂತಿರೋದು ಹಂಗೆ ಬದಲಾಗುತ್ತಾ ಬಂದ ನಿಯಮಗಳಿಂದ.

ಈಗ ಕಂಪ್ಯೂಟರಿಗೆ ಬರೋಣ.

ನಾನು ಮೊದಲು ಗೇಮ್ ಆಡಿದ್ದು ಬಿಎ ಓದುವಾಗ, ನಂಜನಗೂಡಿನ ಒಂದು ಸೈಬರ್ ಸೆಂಟರಿನಲ್ಲಿ. ಗಂಟೆಗೆ 20 ರೂಪಾಯಿ. ಡೇವ್, ರೋಡ್ ರ್‍ಯಾಶ್, ಪ್ರಿನ್ಸ್ ಆಫ್ ಪರ್ಷಿಯಾ. ಈ ಪ್ರಿನ್ಸ್ ಆಟದ ಕತೆ ಕೇಳಿ. 1989ರಲ್ಲಿ ಬಂದದ್ದು, ಮಾಡಿದೋರು ಜೋರ್ಡನ್ ಮೆಕ್ನರ್. ತನ್ನ ತಮ್ಮ ಓಡೋದು, ಹಾರೋದನ್ನ ವಿಡಿಯೋ ಮಾಡಿ, ಅದನ್ನ ನೋಡಿ ರಾಜಕುಮಾರನ ಚಲನೆ ಬರೆದರು. ಅಷ್ಟರಲ್ಲಿ ಕಂಪ್ಯೂಟರಿನ ಮೆಮೊರಿ ತುಂಬಿಹೋಯ್ತು, ಹೊಸ ಶತ್ರುವಿನ ಚಿತ್ರಕ್ಕೆ ಜಾಗ ಇರಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಬೇರೆ ಥರ ತೋರಿಸಿ ಅವನ ನೆರಳನ್ನೇ ಅವನ ಶತ್ರು ಮಾಡಿದ್ರು. ಆ ಗೇಮಲ್ಲಿ ಎಲ್ಲರಿಗೂ ನೆನಪಿರೋದು ಆ ನೆರಳೇ. ಇರೋ ಮಿಷೀನಿಗೆ ತಕ್ಕ ಹಾಗೆ ಆಟ ಮಾಡ್ತಿದ್ದ ಕಾಲ ಅದು.

ಈಗ ಆಟಕ್ಕೆ ತಕ್ಕ ಹಾಗೆ ಮಿಷೀನ್ ತಗೋ ಅಂತಾರೆ. 'ಮಿನಿಮಮ್ ರಿಕ್ವೈರ್‌ಮೆಂಟ್' ಅಂತ ಒಂದು ಪಟ್ಟಿ, ಅಷ್ಟು ಇಲ್ಲದಿದ್ರೆ ಒಳಗೆ ಪ್ರವೇಶ ಇಲ್ಲ. ಆ ಪಟ್ಟಿ ತೀರಿಸಿದ್ರೂ ಆಟ ಓಡುತ್ತೆ ಅಂತ ಗ್ಯಾರಂಟಿ ಇಲ್ಲ. 2015ರ ಜೂನಿನಲ್ಲಿ ಬ್ಯಾಟ್‌ಮ್ಯಾನ್ ಅರ್ಖಾಮ್ ನೈಟ್ ಪಿಸಿಯಲ್ಲಿ ಎಷ್ಟು ಕೆಟ್ಟದಾಗಿ ಓಡ್ತು ಅಂದ್ರೆ ಕೆಲವೇ ದಿನದಲ್ಲಿ ಕಂಪನಿಯೇ ಅದರ ಮಾರಾಟ ನಿಲ್ಲಿಸ್ತು. 2020ರ ಡಿಸೆಂಬರಿನಲ್ಲಿ ಸೈಬರ್‌ಪಂಕ್ 2077 ಅರೆಬೆಂದ ಸ್ಥಿತಿಯಲ್ಲಿ ಬಂದು, ಸೋನಿ ತನ್ನ ಅಂಗಡಿಯಿಂದಲೇ ಅದನ್ನ ತೆಗೆದುಹಾಕ್ತು. 2023ರಲ್ಲಿ ಸ್ಟಾರ್‌ಫೀಲ್ಡ್ ಪಿಸಿಯಲ್ಲಿ ಯಾಕೆ ಇಷ್ಟು ನಿಧಾನ, ಯಾಕೆ ಸರಿಯಾಗಿ ಹೊಂದಿಸಿಲ್ಲ ಅಂತ ಕೇಳಿದಾಗ, ಅದರ ನಿರ್ದೇಶಕ ಟಾಡ್ ಹೋವರ್ಡ್ ಕೊಟ್ಟ ಉತ್ತರದ ಸಾರ ಇಷ್ಟು: ಆಟ ಚೆನ್ನಾಗೇ ಇದೆ, ನಿಮ್ಮ ಪಿಸಿ ಅಪ್‌ಗ್ರೇಡ್ ಮಾಡ್ಕೋಬೇಕಾಗಬಹುದು.

ಇದನ್ನ ಓದಿದಾಗ ನನಗೆ ನಗು ಬಂತು, ಹೊಟ್ಟೇನೂ ಉರೀತು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹೇಳಿದ್ದೂ ಇದೇ ಅಲ್ವಾ? ಪಾಠ ಚೆನ್ನಾಗೇ ಇದೆ, ನಿನ್ನ ತಲೆ ಸರಿ ಇಲ್ಲ.

ಇನ್ನು ರೇಟು. 2017ರಲ್ಲಿ ಎನ್‌ವಿಡಿಯಾದ ದೊಡ್ಡ ಗ್ರಾಫಿಕ್ಸ್ ಕಾರ್ಡ್ 1080 ಟಿಐಗೆ 699 ಡಾಲರ್. 2025ರಲ್ಲಿ ಬಂದ 5090ಕ್ಕೆ 1,999 ಡಾಲರ್. ನಡುವೆ ಏನಾಯ್ತು? ಮೊದಲು ಕ್ರಿಪ್ಟೋ ನಾಣ್ಯ ಗಣಿ ಮಾಡೋರು ಕಾರ್ಡುಗಳನ್ನ ಗಟ್ಟಲೆ ಬಾಚಿದ್ರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಆ ಪದ್ಧತಿ ಬಿಟ್ಟ ಮೇಲೆ ಅದು ಇಳೀತು. ಅಷ್ಟರಲ್ಲಿ ಎಐ ಬಂತು. ಅದರ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಬೇಕು, ಅವರು ಎಷ್ಟು ಬೇಕಾದ್ರೂ ಕೊಡ್ತಾರೆ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗಿರಾಕಿಗಳಿಗೆ ರ್‍ಯಾಮ್ ಮಾರ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸ್ತೀವಿ ಅಂತ ಘೋಷಿಸ್ತು. ಸಂತೆಗೆ ಬಂದ ಅಕ್ಕಿಯನ್ನ ದೊಡ್ಡ ಸಾಹುಕಾರ ಮೂಟೆಗಟ್ಟಲೆ ಎತ್ಕೊಂಡ್ರೆ ಸೇರು ಅಕ್ಕಿಗೆ ಬಂದೋನ ಗತಿ ಏನು? ನನ್ನ ಸೊಸೈಟಿ ಸಾಲ ಬರೋದು ನಾಲ್ಕು ತಿಂಗಳು ತಡ ಆದದ್ದಕ್ಕೆ ನಾನು ನನ್ನನ್ನೇ ಬೈಕೊಳ್ತಿದ್ದೆ. ಇದೆಲ್ಲ ಓದಿದ ಮೇಲೆ ಬಿಟ್ಟೆ.

ನಮ್ಮ ಜನ ಈ ಉದ್ಯಮದಿಂದ ದೂರ ಏನೂ ಇಲ್ಲ. ನಮ್ಮೂರಿಂದ ಕೂಗಳತೆ ದೂರದ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡ್ ತಯಾರಾಗುತ್ತೆ. ಭಾರತದ ಮೊದಮೊದಲ ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಹೊರದೇಶದ ದೊಡ್ಡ ಗೇಮುಗಳಿಗೆ ಚಿತ್ರ ಮಾಡಿಕೊಟ್ಟು ಬೆಳೆದ ಅದನ್ನ 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ಕೊಂಡುಕೊಳ್ತು. ಅನಿಮೇಷನ್ ಮತ್ತು ಗೇಮಿಂಗಿಗೆ ಅಂತಲೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದದ್ದು ನಮ್ಮ ಕರ್ನಾಟಕ, 2024ರಲ್ಲಿ ಅದರ ಹೊಸ ಆವೃತ್ತಿಯೂ ಬಂತು. ನೀತಿ ಇದೆ, ಕಾರ್ಖಾನೆ ಇದೆ, ಕಂಪನಿ ಇದೆ. ಆ ಮಣೆ ಮುಂದೆ ಕೂತು ಬರೆಯೋ ಕುರ್ಚಿಗೆ ಮಾತ್ರ ಏಣಿ ಇಲ್ಲ.

ಕೇರಿ ಹುಡುಗರಿಗೆ ಸಿಕ್ಕಿದ್ದು ಮೊಬೈಲ್. ಪಬ್‌ಜಿ ಪುಕ್ಕಟೆ ಅಂತ ಆಡಿದ್ರು. 2020ರ ಸೆಪ್ಟೆಂಬರ್ 2ಕ್ಕೆ ಅದು ಬ್ಯಾನ್ ಆಯ್ತು, 2021ರ ಜುಲೈನಲ್ಲಿ ಹೆಸರು ಬದಲಾಯಿಸ್ಕೊಂಡು ವಾಪಸ್ ಬಂತು. ಆಟ ಪುಕ್ಕಟೆ, ಬಟ್ಟೆಬರೆ, ಬಂದೂಕಿನ ಬಣ್ಣಕ್ಕೆ ದುಡ್ಡು. ಕೂಲಿ ದುಡ್ಡಲ್ಲಿ ಅದನ್ನ ಕೊಂಡ ಹುಡುಗರನ್ನ ನಾನೇ ಕಂಡಿದೀನಿ. ಅವರನ್ನ ಹಾಳಾದೋರು ಅಂತ ಬೈಯೋದು ಸುಲಭ. ಕೊಳ್ಳದೆ ಇರೋಕಾಗದ ಹಾಗೆ ಆಸೆ ಹುಟ್ಟಿಸೋದೇ ಒಂದು ಡಿಸೈನು, ಅದಕ್ಕೆ ಸಂಬಳ ತಗೊಳ್ಳೋರು ಇದಾರೆ ಅನ್ನೋದು ಹುಡುಗರಿಗೆ ಹೇಳಿಕೊಟ್ಟೋರು ಯಾರು?

ಅವತ್ತು ರಾತ್ರಿ ತಂಗಿ ಮಗಳಿಗೆ ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿ, "ಅಂದ್ರೆ ಮಾವ, ಗೇಮ್ ಸರಿಯಾಗಿ ಮಾಡ್ದೆ ಇದ್ರೂ ಬೈಸ್ಕಳದು ನಮ್ ಮಿಷೀನಾ?" ಅಂದಳು. ಹೂಂ ಅಂದೆ.

ಕಂಪ್ಯೂಟರ್ ಇನ್ನೂ ತಗೊಂಡಿಲ್ಲ. ಸಾಲದ ದುಡ್ಡು ಹಂಗೇ ಇಟ್ಟಿದೀನಿ. ಸದ್ಯಕ್ಕೆ ಹಳೇ ಲ್ಯಾಪ್‌ಟಾಪಿಗೆ ಗೊಡೊ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡಿದಾಳೆ. 2014ರಿಂದ ಎಲ್ಲರಿಗೂ ಪುಕ್ಕಟೆ, ಸಣ್ಣ ಮಿಷೀನಲ್ಲೂ ಚಿಕ್ಕ ಆಟ ಮಾಡಬಹುದು. ಅದರಲ್ಲಿ ಚೌಕಾಬಾರ ಮಾಡ್ತಿದಾಳೆ. ಕವಡೆ ಉರುಳೋದು ಇನ್ನೂ ಸರಿ ಬಂದಿಲ್ಲ. ನಮ್ಮ ಅವ್ವನ್ನ ಕೂರಿಸ್ಕೊಂಡು, ಎದುರಾಳಿ ಕಾಯಿ ಹೊಡೀದೆ ಒಳಮನೆಗೆ ಹೋಗಬಹುದಾ, ನಮ್ಮ ಕೇರೀಲಿ ಹೆಂಗಾಡ್ತಿದ್ರಿ ಅಂತ ಕೇಳಿ ಬರ್ಕೊಳ್ತಿದಾಳೆ. ಬಿಕಾಂ ಮಾತು ಸದ್ಯಕ್ಕೆ ಎತ್ತಿಲ್ಲ.

ಆದ್ರೆ ಒಬ್ಬ ಮಾವ, ಒಂದು ಹಳೇ ಲ್ಯಾಪ್‌ಟಾಪ್ ಅಂತ ಬಿಟ್ರೆ ಅದೂ ಕರ್ಮಸಿದ್ಧಾಂತವೇ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ 2013ರಿಂದ ಇದೆ. ಆ ದುಡ್ಡು ಇನ್ನೆಲ್ಲಿಗೋ ಹೋಗೋ ಬದಲು ಒಂದೊಂದು ತಾಲ್ಲೂಕಿನ ನಮ್ಮ ಹಾಸ್ಟೆಲಿನಲ್ಲಿ ಗೇಮ್, ಅನಿಮೇಷನ್ ಕಲಿಯೋಕೆ ಆಗುವಂಥ ಹತ್ತು ಒಳ್ಳೆ ಕಂಪ್ಯೂಟರ್ ಇಡಿ ಅಂತ ಕೇಳೋಣ. ಟೈಪಿಂಗ್ ಕಲಿಸೋ ಹಳೇ ಡಬ್ಬಗಳಲ್ಲ, ಡಿಸೈನ್ ಮಾಡೋ ಮಿಷೀನುಗಳು. ಪಂಚಾಯ್ತಿಯ ಅರಿವು ಕೇಂದ್ರಗಳಿಗೂ ಒಂದೆರಡು ಕೇಳೋಣ. ನಂಜನಗೂಡು, ತಿ. ನರಸೀಪುರ ತಾಲ್ಲೂಕಿನ ಗೆಳೆಯರು ನಿಮ್ಮ ಹಾಸ್ಟೆಲಿನಲ್ಲಿ ಓಡುವ ಕಂಪ್ಯೂಟರ್ ಎಷ್ಟಿವೆ ಅಂತ ನೋಡಿ, ಎಣಿಸಿ, ಕಾಮೆಂಟಿನಲ್ಲಿ ಹಾಕಿ. ಲೆಕ್ಕ ಕೈಗೆ ಬಂದ್ರೆ ಮನವಿ ನಾನೇ ಟೈಪ್ ಮಾಡ್ತೀನಿ. ಅದು ನನ್ನ ಕೆಲಸ.

ನಿಮ್ಮ ಮನೇಲೂ ಯಾವುದಾದ್ರೂ ಮಗು "ನಂಗೇ ಬರಲ್ಲ" ಅಂದ್ರೆ ಸುಮ್ಮನೆ ಬಿಡಬೇಡಿ. ಮಣೆ ಬರೆದೋರು ಯಾರು ಅಂತ ಪಕ್ಕ ಕೂತು ಹೇಳಿ.

ಜೈ ಭೀಮ್.